ಜೀನಿನ ‘ಇಂಪ್ರಿಂಟಿಂಗ್’ಗೆ ‘ಅಂಕಿತ’ ಒಗ್ಗುತ್ತದೆಯೇ?

ಗೆಳೆಯರೇ,

ಒಂದು ಪದ ಬೇಕಾಗಿದೆ. ಅದರ ಹಿಂದೆ ಮುಂದೆ ಬರುವ ನಾಲ್ಕೈದು ಪದಗಳೂ ಬೇಕು. ಓಲೆ ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ.

ಮೈಸೂರಿನಲ್ಲಿ ಮಕ್ಕಳ ನರರೋಗ ನೋಡುವ ಡಾಕ್ಟರೊಬ್ಬರು ನಾಲ್ಕು ಪುಟದ ಒಂದು ಕೈಪಿಡಿ ಬರೆಸುತ್ತಿದ್ದಾರೆ. ಏಂಜಲ್‌ಮನ್ ಸಿಂಡ್ರೋಮ್, ಪ್ರಾಡರ್-ವಿಲ್ಲಿ ಸಿಂಡ್ರೋಮ್ ಎಂಬ ಎರಡು ತೊಂದರೆಗಳಿರುವ ಮಕ್ಕಳ ಮನೆಯವರಿಗಾಗಿ. ಓದುವವರು ಜಾಸ್ತಿ ಮದ್ದೂರು, ಮಳವಳ್ಳಿ, ನಂಜನಗೂಡು, ಹುಣಸೂರಿನ ಕಡೆಯವರು. ಕನ್ನಡ ಚೆನ್ನಾಗಿ ಓದುತ್ತಾರೆ, ವಿಜ್ಞಾನ ಪಠ್ಯ ಬಿಟ್ಟು ಬಹಳ ಕಾಲವಾಗಿರುತ್ತದೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಎರಡೂ ತೊಂದರೆಗಳ ಬೇರು ಒಂದೇ, ಜೀನೋಮಿಕ್ ಇಂಪ್ರಿಂಟಿಂಗ್. ಆ ಮಾತಿಗೆ ಕನ್ನಡದಲ್ಲಿ ಏನನ್ನಬೇಕು?

‘ಜೀನು’ ಪದವನ್ನೇ ಇಟ್ಟುಕೊಂಡಿದ್ದೇನೆ. ‘ವಂಶವಾಹಿ’ ಅರ್ಥವಾಗುವ ಮಾತೇ, ಆದರೆ ಅದನ್ನು ಕೇಳಿದ ತಕ್ಷಣ ಜನ ವಂಶದ ಕಡೆಗೆ ಹೊರಳಿಬಿಡುತ್ತಾರೆ. ಅದೇಕೆ ಬೇಡ ಅನ್ನುವುದನ್ನು ಕೆಳಗೆ ಹೇಳುತ್ತೇನೆ. ಜೀನು ಅಂದರೆ ಕುದುರೆಯ ತಡಿ ಎಂದು ಹಳಬರು ನಗಬಹುದು, ಜೀನ ಅಂದರೆ ಜಿಪುಣ ಎಂದೂ ತಮಾಷೆ ಮಾಡಬಹುದು. ಪರವಾಗಿಲ್ಲ. ಟಾಂಗಾ ಕುದುರೆಗಳೇ ಕಮ್ಮಿಯಾಗಿವೆ, ಗೊಂದಲವಾಗುವುದಿಲ್ಲ.

ಮೊದಲು ವಿಷಯ. ನಮ್ಮ ಹತ್ತಿರ ಬಹುಪಾಲು ಜೀನುಗಳ ಎರಡೆರಡು ಪ್ರತಿ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಸಾಮಾನ್ಯವಾಗಿ ಎರಡೂ ದುಡಿಯುತ್ತವೆ. ಆದರೆ ಮನುಷ್ಯನ ಸುಮಾರು 20,000 ಜೀನುಗಳಲ್ಲಿ ನೂರರ ಆಸುಪಾಸಿನವು ಬೇರೆ ಜಾತಿ. ಕೆಲವಲ್ಲಿ ತಾಯಿಯಿಂದ ಬಂದ ಪ್ರತಿ ಮಾತ್ರ ದುಡಿಯುತ್ತದೆ, ಕೆಲವಲ್ಲಿ ತಂದೆಯಿಂದ ಬಂದದ್ದು ಮಾತ್ರ. ಎರಡೂ ಪ್ರತಿಗಳ ಅಕ್ಷರ ಒಂದೇ ಇರಬಹುದು. ಬೇರೆ ಇರುವುದು ಅಕ್ಷರದ ಮೇಲಿನ ಗುರುತು. ಹೆಚ್ಚಾಗಿ ಆ ಗುರುತು ಅಂದರೆ ಮೀಥೈಲ್ ಅನ್ನುವ ಚಿಕ್ಕ ತುಣುಕು, ಒಂದು ಇಂಗಾಲ ಮತ್ತು ಮೂರು ಹೈಡ್ರೋಜನ್. ಡಿಎನ್‌ಎಯ ಸೈಟೋಸಿನ್ ಎಂಬ ಅಕ್ಷರದ ಮೇಲೆ ಅದು ಅಂಟಿಕೊಂಡಿರುತ್ತದೆ. ಅಂಡಾಣು ತಯಾರಾಗುವಾಗ ಒಂದು ಕಡೆ ಅಂಟುತ್ತದೆ, ವೀರ್ಯಾಣು ತಯಾರಾಗುವಾಗ ಇನ್ನೊಂದು ಕಡೆ.

ಇದೇ ಇಂಪ್ರಿಂಟಿಂಗ್. ಸಸ್ತನಿಗಳಲ್ಲಿ ಇದು ಗಟ್ಟಿಯಾಗಿ ಗೊತ್ತಾಗಿದ್ದು 1984ರಲ್ಲಿ. ಕೇಂಬ್ರಿಜ್‌ನಲ್ಲಿ ಅಜೀಂ ಸುರಾನಿ ಮತ್ತು ಜೊತೆಗಾರರು, ಫಿಲಡೆಲ್ಫಿಯಾದಲ್ಲಿ ಮೆಗ್ರಾ ಮತ್ತು ಸೋಲ್ಟರ್, ಇಲಿಯ ಫಲಿತ ಅಂಡಾಣುವಿನಲ್ಲಿ ತಂದೆತಾಯಿಯ ಕೋಶಕೇಂದ್ರಗಳನ್ನು ಅದಲು ಬದಲು ಮಾಡಿದರು. ಎರಡೂ ತಾಯಿಯವೇ ಆದರೆ ಮರಿ ಉಳಿಯಲಿಲ್ಲ. ಎರಡೂ ತಂದೆಯವೇ ಆದರೂ ಉಳಿಯಲಿಲ್ಲ. ಲೆಕ್ಕಕ್ಕೆ ಎರಡು ಪ್ರತಿ ಇದ್ದರೆ ಸಾಲದು, ಒಂದೊಂದು ಕಡೆಯಿಂದ ಒಂದೊಂದು ಬರಲೇಬೇಕು.

ಈಗ ಪದಕ್ಕೆ ಬರೋಣ.

ಕೈಗೆ ಮೊದಲು ಸಿಗುವುದು ‘ಅಚ್ಚು’. ಅಚ್ಚೊತ್ತುವಿಕೆ, ಅಚ್ಚೊತ್ತು. ಕೇಳಲು ಚೆನ್ನಾಗಿದೆ. ಆದರೆ ಎರಡು ತಕರಾರುಗಳಿವೆ. ಅಚ್ಚು ಅಂದರೆ ಎರಕದ ಅಚ್ಚು, ಬೆಲ್ಲದ ಅಚ್ಚು. ಅದು ವಸ್ತುವಿನ ಆಕಾರವನ್ನೇ ಕೊಡುತ್ತದೆ. ಇಲ್ಲಿ ಆಕಾರ ಬದಲಾಗುವುದಿಲ್ಲ, ಅಕ್ಷರವೂ ಬದಲಾಗುವುದಿಲ್ಲ. ಇನ್ನು ‘ಅಪ್ಪನ ಅಚ್ಚು’ ಅಂದರೆ ನಮ್ಮಲ್ಲಿ ಬೇರೆಯೇ ಅರ್ಥ ಇದೆ, ಅಲ್ವಾ? ಅಪ್ಪನ ಪಡಿಯಚ್ಚು, ಮುಖ ಥೇಟ್ ಅಪ್ಪನದೇ. ‘ಈ ಜೀನಿನಲ್ಲಿ ಅಪ್ಪನ ಅಚ್ಚು ಇದೆ’ ಎಂದು ಬರೆದರೆ ಓದುವವರು ಮಗುವಿನ ಮೂಗು ನೋಡಲು ಹೋಗುತ್ತಾರೆ.

‘ಮುದ್ರಣ’ ಮೈಸೂರಿನವರಿಗೆ ನೋಟು ಮುದ್ರಣದ ಕಾರ್ಖಾನೆ. ‘ಛಾಪು’ ಕೇಳಿದರೆ ‘ಛಾಪು ಮೂಡಿಸಿದ ನಟ’ ಅನ್ನುವ ಸಿನಿಮಾ ಪುಟದ ಮಾತು ನೆನಪಾಗುತ್ತದೆ. ‘ಮೊಹರು’ ಕಚೇರಿಯದು. ‘ಗುರುತು’ ಸರಳವಾಗಿದೆ, ಎಲ್ಲರಿಗೂ ಗೊತ್ತು, ಆದರೆ ತೀರಾ ಅಗಲವಾಯಿತು. ಜೀವಶಾಸ್ತ್ರದಲ್ಲಿ ಇನ್ನೂ ಹತ್ತಾರು ಬಗೆಯ ಗುರುತುಗಳಿವೆ, ಎಲ್ಲಕ್ಕೂ ಇದೇ ಪದ ಬೇಕಾಗುತ್ತದೆ. ವಿವರಣೆಯಲ್ಲಿ ಬಳಸಲು ಬಹಳ ಒಳ್ಳೆಯದು, ಹೆಸರಾಗಿ ನಿಲ್ಲುವುದಿಲ್ಲ.

ಅಚ್ಚನ್ನು ನಾನು ಬಿಡಲು ಇನ್ನೂ ಒಂದು ಕಾರಣ ಇದೆ. ಪ್ರಾಣಿಗಳ ನಡವಳಿಕೆ ಓದುವವರಿಗೆ ಇಂಪ್ರಿಂಟಿಂಗ್ ಅಂದರೆ ಕಾನ್‌ರಾಡ್ ಲೊರೆಂಜ್. 1935ರಲ್ಲಿ ಅವರು ಬರೆದದ್ದು ಹಕ್ಕಿ ಮರಿಗಳ ಬಗ್ಗೆ. ಮೊಟ್ಟೆಯೊಡೆದ ಹೆಬ್ಬಾತಿನ ಮರಿ ಮೊದಲು ಕಂಡ ಚಲಿಸುವ ಜೀವವನ್ನೇ ತಾಯಿ ಎಂದುಕೊಂಡು ಹಿಂದೆ ಬೀಳುತ್ತದೆ. ಅವರ ಜರ್ಮನ್ ಪದ ಪ್ರೇಗುಂಗ್, ನಾಣ್ಯದ ಮೇಲೆ ಚಿತ್ರ ಒತ್ತುವುದು. ಇದಕ್ಕೆ ಕನ್ನಡದಲ್ಲಿ ‘ಅಚ್ಚೊತ್ತು’ ಕರಾರುವಾಕ್ಕಾಗಿ ಕೂರುತ್ತದೆ. ‘ಮನಸ್ಸಿನಲ್ಲಿ ಅಚ್ಚೊತ್ತಿದೆ’ ಎಂದು ನಾವು ದಿನಾ ಅನ್ನುತ್ತೇವೆ. ಅಚ್ಚೊತ್ತನ್ನು ಲೊರೆಂಜ್‌ಗೆ ಕೊಟ್ಟುಬಿಡೋಣ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ಇದೆ ಎಂದು ನಾವೂ ಆ ಗೋಜಲನ್ನು ಹೊತ್ತುಕೊಂಡು ಬರಬೇಕಾಗಿಲ್ಲ. ಅದರಲ್ಲೂ ನಮ್ಮ ವಿಷಯ ಮಿದುಳಿನದು. ಪೆಗ್3 ಎಂಬ ಜೀನು ಇಲಿಯಲ್ಲಿ ತಂದೆಯಿಂದ ಬಂದ ಪ್ರತಿಯಲ್ಲಿ ಮಾತ್ರ ದುಡಿಯುತ್ತದೆ. ಅದು ಕೆಟ್ಟ ಹೆಣ್ಣಿಲಿ ಗೂಡು ಸರಿಯಾಗಿ ಕಟ್ಟುವುದಿಲ್ಲ, ಚೆದುರಿದ ಮರಿಗಳನ್ನು ಎತ್ತಿ ತರುವುದಿಲ್ಲ ಎಂದು 1999ರಲ್ಲಿ ವರದಿಯಾಯಿತು. ಆಮೇಲೆ ಅದರ ಮೇಲೆ ವಾದ ವಿವಾದಗಳೂ ಆಗಿವೆ. ಇಲ್ಲೂ ತಾಯಿ, ಮರಿ, ಮಮತೆ. ಎರಡಕ್ಕೂ ಒಂದೇ ಪದ ಇಟ್ಟರೆ ಓದುಗ ಹೆಬ್ಬಾತಿನ ಹಿಂದೆಯೇ ಹೋಗುತ್ತಾನೆ.

ಹಾಗಾದರೆ ಜೀನಿನ ಗುರುತಿಗೆ ಹೆಸರು ಏನು ಹೇಳಬೇಕು? ‘ಇಂಪ್ರಿಂಟಿಂಗ್’ ಪದವನ್ನು ವರ್ಣತಂತುಗಳಿಗೆ (ಜೀನುಗಳನ್ನು ಹೊತ್ತ ಎಳೆಗಳು, ಕ್ರೋಮೋಸೋಮು) ಮೊದಲು ಬಳಸಿದ ಹೆಲೆನ್ ಕ್ರೌಸ್ ಅವರ ಮಾತು ಇಲ್ಲಿ ಕೈಹಿಡಿಯುತ್ತದೆ. 1960ರಲ್ಲಿ ಅವರು ಸಿಯಾರಾ ಎಂಬ ಪುಟ್ಟ ನೊಣದ ಬಗ್ಗೆ ಬರೆದರು. ಆ ನೊಣ ತಂದೆಯಿಂದ ಬಂದ ಎಕ್ಸ್ ವರ್ಣತಂತುವನ್ನು ಆರಿಸಿ ಹೊರಗೆ ಹಾಕುತ್ತದೆ. ವರ್ಣತಂತುವಿನಲ್ಲಿ ಯಾವ ಜೀನುಗಳಿವೆ ಅನ್ನುವುದಕ್ಕೂ ಈ ಗುರುತಿಗೂ ಸಂಬಂಧವಿಲ್ಲ, ಅದು ಗಂಡಿನ ಮೂಲಕ ಬಂತೋ ಹೆಣ್ಣಿನ ಮೂಲಕ ಬಂತೋ ಅನ್ನುವುದಷ್ಟೇ ಲೆಕ್ಕ, ಅನ್ನುವುದು ಅವರ ಮಾತಿನ ತಿರುಳು. ಅಂದರೆ ಹೆಸರು ಹೇಳಬೇಕಾದದ್ದು ‘ಯಾರ ಕೈ ದಾಟಿ ಬಂತು’ ಅನ್ನುವುದನ್ನು.

ಅದಕ್ಕೇ ನನಗೆ ‘ಅಂಕಿತ’ ಹೊಳೆದದ್ದು. ವಚನದ ಕೊನೆಗೆ ಕೂಡಲಸಂಗಮದೇವ ಎಂದು ಬಂದರೆ ಬಸವಣ್ಣನವರದು ಎಂದು ಗೊತ್ತಾಗುತ್ತದೆ. ಸಂಗೀತದವರು ಅದನ್ನೇ ಮುದ್ರೆ ಅನ್ನುತ್ತಾರೆ. ಜಯಚಾಮರಾಜ ಒಡೆಯರ ಕೃತಿಗಳಲ್ಲಿ ‘ಶ್ರೀವಿದ್ಯಾ’ ಬರುತ್ತದಲ್ಲ, ಹಾಗೆ. ಅಂಕಿತ ಯಾರದು ಎಂದು ಹೇಳುತ್ತದೆ, ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವುದಿಲ್ಲ. ನನಗೆ ಬೇಕಾಗಿದ್ದ ಗುಣ ಅದು. ‘ಹೆತ್ತವರ ಅಂಕಿತ’ ಎಂದು ಇಡೀ ವಿದ್ಯಮಾನಕ್ಕೆ, ‘ಅಂಕಿತ ಜೀನು’ ಎಂದು ಆ ನೂರರ ಆಸುಪಾಸಿನವಕ್ಕೆ. ‘ತಾಯಿಯ ಅಂಕಿತ’, ‘ತಂದೆಯ ಅಂಕಿತ’ ತಾವಾಗಿಯೇ ಹೊರಡುತ್ತವೆ. ಕೈಪಿಡಿಯಲ್ಲಿ ಅಮ್ಮ ಅನ್ನಬೇಕೋ ಅವ್ವ ಅನ್ನಬೇಕೋ ಎಂಬ ಚರ್ಚೆಯೂ ನಡೆಯಿತು. ಮೈಸೂರು ಪೇಟೆಯವರು ಅಮ್ಮ, ಮಂಡ್ಯದವರು ಅವ್ವ. ತಾಯಿ ಎಂದಿಟ್ಟು ಮುಗಿಸಿದೆವು.

ಇದಕ್ಕೆ ಬರುವ ಎರಡು ಆಕ್ಷೇಪಗಳನ್ನು ನಾನೇ ಮುಂದಿಡುತ್ತೇನೆ.

ಒಂದು, ಪತ್ರಿಕೆಗಳಲ್ಲಿ ಅಂಕಿತ ಅಂದರೆ ಒಪ್ಪಿಗೆ. ‘ಮಸೂದೆಗೆ ರಾಜ್ಯಪಾಲರ ಅಂಕಿತ’. ಅಂಕಿತ ಬಿದ್ದ ಮೇಲೆ ಕಾಯ್ದೆ ಜಾರಿಗೆ ಬರುತ್ತದೆ. ಜೀನಿನಲ್ಲಿ ಅಂಕಿತ ಬಿದ್ದದ್ದು ಎಷ್ಟೋ ಸಲ ಕೆಲಸ ನಿಲ್ಲಿಸುತ್ತದೆ. ಉಲ್ಟಾ ಆಯಿತಲ್ಲ ಎಂದು ಕೇಳಬಹುದು. ಆದರೆ ಈ ಗುರುತು ಯಾವಾಗಲೂ ಕೆಲಸ ನಿಲ್ಲಿಸುವ ಗುರುತೇ ಅಲ್ಲ. ಕೆಳಗೆ ಐಜಿಎಫ್2 ಎಂಬ ಜೀನಿನ ಕಥೆ ಬರುತ್ತದೆ. ಅಲ್ಲಿ ಮೀಥೈಲ್ ಬಿದ್ದ ಕಡೆಯೇ ಆ ಜೀನು ದುಡಿಯುತ್ತದೆ. ಹಾಗಾಗಿ ಹೆಸರಿನಲ್ಲಿ ‘ನಿಲ್ಲಿಸು’ ಎಂದೂ ಇರಬಾರದು, ‘ನಡೆಸು’ ಎಂದೂ ಇರಬಾರದು.

ಎರಡು, ಅಂಕಿತ ಅಳಿಯುವುದಿಲ್ಲ. ವಚನದ ಅಂಕಿತವನ್ನು ಎಂಟು ನೂರು ವರ್ಷವಾದರೂ ಬದಲಿಸುವ ಹಾಗಿಲ್ಲ. ಜೀನಿನ ಅಂಕಿತ ಪ್ರತಿ ತಲೆಮಾರಿನಲ್ಲೂ ಅಳಿಯುತ್ತದೆ. ಗರ್ಭದಲ್ಲಿರುವ ಮಗುವಿನಲ್ಲೇ, ಮುಂದೆ ಅಂಡಾಣು ವೀರ್ಯಾಣು ಆಗಬೇಕಾದ ಜೀವಕೋಶಗಳಲ್ಲಿ ಹಳೆಯ ಗುರುತುಗಳು ಒರಸಿಹೋಗುತ್ತವೆ. ಆಮೇಲೆ ಹೊಸದು ಬೀಳುತ್ತದೆ. ಗಂಡಿನಲ್ಲಿ ಹುಟ್ಟುವ ಮುಂಚೆಯೇ ಬೀಳಲು ಶುರುವಾಗುತ್ತದೆ, ಹೆಣ್ಣಿನಲ್ಲಿ ಹುಟ್ಟಿದ ಮೇಲೆ ಅಂಡಾಣು ಬಲಿಯುವಾಗ. ನನ್ನ ಅಜ್ಜಿಯಿಂದ ನನ್ನ ಅಪ್ಪನಿಗೆ ಬಂದ ಒಂದು ಪ್ರತಿ ಅಪ್ಪನ ಮೈಯಲ್ಲಿ ತಾಯಿಯ ಅಂಕಿತ ಹೊತ್ತಿರುತ್ತದೆ. ಅದೇ ಪ್ರತಿ ನನಗೆ ಬಂದಾಗ ತಂದೆಯ ಅಂಕಿತ ಹೊತ್ತು ಬರುತ್ತದೆ. ಅಜ್ಜಿಯ ಹೆಸರು ಹೋಗಿ ಅಪ್ಪನ ಹೆಸರು ಬಿತ್ತು. ಈ ಎರಡನೆಯ ಆಕ್ಷೇಪಕ್ಕೆ ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ‘ಅಂಕಿತ ಅಳಿದು ಮತ್ತೆ ಬೀಳುತ್ತದೆ’ ಎಂದು ಬಿಡಿಸಿ ಬರೆದರೆ ಅರ್ಥವಾಗುತ್ತದೆ, ಆದರೆ ಪದ ತಾನೇ ಅದನ್ನು ಹೇಳುವುದಿಲ್ಲ. ಯಾರಿಗಾದರೂ ಇದಕ್ಕಿಂತ ಒಳ್ಳೆಯದು ಹೊಳೆದರೆ ಅಂಕಿತ ಬಿಡಲು ನಾನು ಸಿದ್ಧ.

ಇಲ್ಲಿಂದ ಮುಂದೆ ನನಗೆ ನಿಜಕ್ಕೂ ತಲೆ ಕೆಡಿಸಿದ ಭಾಗ.

ಇಂಗ್ಲಿಷ್ ಬರಹಗಳಲ್ಲಿ ‘ಮೆಟರ್ನಲಿ ಇಂಪ್ರಿಂಟೆಡ್’ ಎಂದು ಇರುತ್ತದೆ. ಬಹಳ ಕಡೆ ಅದರ ಅರ್ಥ ತಾಯಿಯ ಪ್ರತಿ ಸುಮ್ಮನಾಗಿದೆ ಎಂದು. ಪಕ್ಕದಲ್ಲೇ ‘ಮೆಟರ್ನಲಿ ಎಕ್ಸ್‌ಪ್ರೆಸ್ಡ್’ ಎಂದು ಬಂದರೆ ತಾಯಿಯ ಪ್ರತಿ ದುಡಿಯುತ್ತಿದೆ ಎಂದು. ಪಳಗಿದವರೂ ಎರಡು ಸಲ ಓದುತ್ತಾರೆ. ಕನ್ನಡದಲ್ಲಿ ‘ತಾಯಿಯ ಅಂಕಿತದ ಜೀನು’ ಎಂದು ಬರೆದರೆ ಇದೇ ತೊಡಕು ಬರುತ್ತದೆ. ಅದಕ್ಕೆ ಈ ಜೋಡಿಯನ್ನೇ ಬಿಟ್ಟು ‘ತಾಯಿಯಿಂದ ಬಂದ ಪ್ರತಿ ದುಡಿಯುವ ಜೀನು’, ‘ತಂದೆಯಿಂದ ಬಂದ ಪ್ರತಿ ದುಡಿಯುವ ಜೀನು’ ಎಂದು ಬರೆಯಲು ಹೊರಟಿದ್ದೇನೆ. ಉದ್ದವಾಯಿತು. ಆಗಲಿ.

ಉದ್ದವಾದರೂ ಸರಿ ಅನ್ನಲು ಕಾರಣ ಏಂಜಲ್‌ಮನ್. 1965ರಲ್ಲಿ ಹ್ಯಾರಿ ಏಂಜಲ್‌ಮನ್ ಎಂಬ ಇಂಗ್ಲೆಂಡಿನ ಮಕ್ಕಳ ವೈದ್ಯರು ಮೂವರು ಮಕ್ಕಳ ಬಗ್ಗೆ ಬರೆದರು. ತಡವರಿಸುವ ನಡಿಗೆ, ಕಾರಣವಿಲ್ಲದೆ ಮತ್ತೆ ಮತ್ತೆ ನಗು, ಫಿಟ್ಸ್, ಮಾತಿಲ್ಲ. ಇಟಲಿಯ ವೆರೋನಾದಲ್ಲಿ ಕಂಡ ಒಂದು ಚಿತ್ರದ ನೆನಪಿನಲ್ಲಿ ಅವರನ್ನು ‘ಗೊಂಬೆ ಮಕ್ಕಳು’ ಎಂದು ಕರೆದರು. ತಂದೆತಾಯಿಗಳಿಗೆ ನೋವಾಗುವ ಆ ಹೆಸರು ಆಮೇಲೆ ಬಿದ್ದುಹೋಯಿತು, ವೈದ್ಯರ ಹೆಸರು ನಿಂತಿತು. ಕನ್ನಡದಲ್ಲಿ ಯಾರಾದರೂ ‘ಸೂತ್ರದ ಗೊಂಬೆ’ ಎಂದು ಅನುವಾದಿಸುವ ಮುಂಚೆ ಇದನ್ನು ನೆನಪಿಡಲಿ.

ತೊಂದರೆಯ ಜೀನಿನ ಹೆಸರು ಯುಬಿಇ3ಎ. ಅದು 15ನೆಯ ವರ್ಣತಂತುವಿನಲ್ಲಿದೆ. ಮೈಯ ಬಹುತೇಕ ಕಡೆ ಅದರ ಎರಡೂ ಪ್ರತಿ ದುಡಿಯುತ್ತವೆ. ಮಿದುಳಿನ ನರಕೋಶಗಳಲ್ಲಿ ಮಾತ್ರ ತಂದೆಯಿಂದ ಬಂದ ಪ್ರತಿ ಸುಮ್ಮನಿದ್ದು ತಾಯಿಯಿಂದ ಬಂದದ್ದು ದುಡಿಯುತ್ತದೆ. ತಾಯಿಯಿಂದ ಬಂದ ಪ್ರತಿ ಕಾಣೆಯಾದರೆ ಅಥವಾ ಕೆಟ್ಟರೆ ನರಕೋಶಕ್ಕೆ ಬೇರೆ ಗತಿ ಇಲ್ಲ. ಅದೇ ಜಾಗದ ಬೇರೆ ಕೆಲವು ಜೀನುಗಳಲ್ಲಿ ತಂದೆಯಿಂದ ಬಂದ ಪ್ರತಿ ಮಾತ್ರ ದುಡಿಯುತ್ತದೆ. ಅದೇ ವರ್ಣತಂತುವಿನ ಅದೇ ಜಾಗದಲ್ಲಿ ತಂದೆಯಿಂದ ಬಂದ ತುಂಡು ಕಾಣೆಯಾದರೆ ಪ್ರಾಡರ್-ವಿಲ್ಲಿ. ಹುಟ್ಟಿದಾಗ ಮಗುವಿನ ಮೈ ಬಿಗಿಯಿಲ್ಲದೆ ಜೋತುಬಿದ್ದಂತಿರುತ್ತದೆ, ಮೊಲೆಹಾಲು ಚೀಪುವ ಶಕ್ತಿಯೂ ಇರುವುದಿಲ್ಲ. ಕೆಲವು ವರ್ಷದ ಮೇಲೆ ತಣಿಯದ ಹಸಿವು.

ಈಗ ಇದನ್ನು ಮಳವಳ್ಳಿಯ ಒಂದು ಮನೆಯಲ್ಲಿ ಓದುತ್ತಾರೆ ಎಂದುಕೊಳ್ಳಿ. ‘ತಾಯಿಯ ಕಡೆಯ ದೋಷ’ ಎಂದು ಬರೆದಿದ್ದರೆ ಏನಾಗುತ್ತದೆ? ‘ಕಡೆ’ ಬಹಳ ಸೊಗಸಾದ ಪದ. ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು. ಹೇಳಬೇಕಾದ್ದನ್ನು ಚುಟುಕಾಗಿ ಹೇಳುತ್ತದೆ. ಆದರೆ ‘ಇದು ಅವಳ ಕಡೆಯಿಂದ ಬಂದದ್ದು’ ಅನ್ನುವ ಮಾತು ನಮ್ಮ ಮನೆಗಳಲ್ಲಿ ಯಾವ ದನಿಯಲ್ಲಿ ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ‘ದೋಷ’ ಬಂದರಂತೂ ಮುಗಿಯಿತು. ಕುಜದೋಷ, ನಾಗದೋಷದ ಸಾಲಿಗೆ ಇದೂ ಒಂದು ಸೇರುತ್ತದೆ, ಸೊಸೆ ಹರಕೆ ಹೊತ್ತು ತಿರುಗಬೇಕಾಗುತ್ತದೆ.

ವಿಜ್ಞಾನ ಹೇಳುವುದು ಅದಲ್ಲ. ಏಂಜಲ್‌ಮನ್ ಆದ ಹತ್ತು ಮಕ್ಕಳಲ್ಲಿ ಏಳರಷ್ಟು ಮಕ್ಕಳಿಗೆ ಆ ವರ್ಣತಂತುವಿನ ತುಂಡು ಹೊಸದಾಗಿ ಕಳಚಿರುತ್ತದೆ. ತಾಯಿಯ ಮೈಯಲ್ಲಿ ಆ ತುಂಡು ನೆಟ್ಟಗಿರುತ್ತದೆ. ಅಂಡಾಣು ತಯಾರಾಗುವಾಗ ಆದ ಆಕಸ್ಮಿಕ ಅದು. ಯಾರೂ ಮಾಡಿದ್ದಲ್ಲ, ತಡೆಯಬಹುದಾಗಿದ್ದೂ ಅಲ್ಲ. ಕಡಿಮೆ ಮನೆಗಳಲ್ಲಿ ಮಾತ್ರ ಯುಬಿಇ3ಎ ಜೀನಿನ ಅಕ್ಷರವೇ ಕೆಟ್ಟು ತಾಯಿಯ ಮೂಲಕ ಬಂದಿರುತ್ತದೆ. ಅಲ್ಲೂ ಒಂದು ವಿಚಿತ್ರ ಇದೆ. ಆ ಕೆಟ್ಟ ಪ್ರತಿ ತಾಯಿಗೆ ಅವಳ ತಂದೆಯಿಂದ ಬಂದಿರಬಹುದು. ಅವಳಲ್ಲಿ ಅದು ತಂದೆಯ ಅಂಕಿತ ಹೊತ್ತು ನರಕೋಶಗಳಲ್ಲಿ ಸುಮ್ಮನಿತ್ತು, ಅವಳಿಗೆ ಏನೂ ಆಗಲಿಲ್ಲ. ಅವಳ ಮಗುವಿಗೆ ಹೋಗುವಾಗ ತಾಯಿಯ ಅಂಕಿತ ಬಿತ್ತು, ಆಗ ಎದ್ದು ಕಂಡಿತು. ಗಂಡಸರ ಮೂಲಕ ಎಷ್ಟು ತಲೆಮಾರು ಬೇಕಾದರೂ ಸದ್ದಿಲ್ಲದೆ ಇಳಿದು ಬರಬಹುದು. ‘ಯಾರ ಕಡೆ’ ಎಂದು ಬೆರಳು ತೋರಿಸಲು ಹೊರಟರೆ ಬೆರಳು ಸುತ್ತಿಕೊಂಡು ಬರುತ್ತದೆ.

ಆದ್ದರಿಂದ ದೋಷ ಬೇಡ, ಕಡೆ ಬೇಡ, ವಂಶ ಬೇಡ. ‘ತಾಯಿಯಿಂದ ಬಂದ ಪ್ರತಿ’ ಇರಲಿ. ಆರೋಪ ಇಲ್ಲದೆ ಮೂಲ ಹೇಳಲು ಕನ್ನಡದಲ್ಲಿ ಇದಕ್ಕಿಂತ ನಯವಾದ ದಾರಿ ಇದ್ದರೆ ದಯವಿಟ್ಟು ತಿಳಿಸಿ. ‘ತವರು’ ಕೂಡ ಯೋಚಿಸಿದೆ. ತಂದೆಯಿಂದ ಬಂದದ್ದಕ್ಕೆ ಒಗ್ಗಲಿಲ್ಲ, ಬಿಟ್ಟೆ.

ಇನ್ನು ‘ಸೈಲೆನ್ಸಿಂಗ್’, ಅಂದರೆ ಜೀನಿನ ಕೆಲಸ ನಿಲ್ಲಿಸುವುದು. ಮೌನಗೊಳಿಸು, ಬಾಯಿ ಕಟ್ಟು, ಬಾಯಿ ಮುಚ್ಚಿಸು, ಎಲ್ಲ ಸಿಗುತ್ತವೆ. ‘ಬಾಯಿ ಕಟ್ಟು’ ನಿಜಕ್ಕೂ ಚೆನ್ನಾಗಿದೆ, ಏಕೆಂದರೆ ಕಟ್ಟಿದ್ದನ್ನು ಬಿಚ್ಚಬಹುದು. ತಂದೆಯ ಪ್ರತಿಯಲ್ಲಿ ಡಿಎನ್‌ಎಯ ಎದುರು ಎಳೆಯಿಂದ, ಅದನ್ನು ನೋಡಿ ತಯಾರಾಗುವ ಒಂದು ಉದ್ದದ ಆರ್‌ಎನ್‌ಎ ಹೊರಟು ಯುಬಿಇ3ಎ ಮೇಲೆ ಹಾಯುತ್ತದೆ, ಅದರಿಂದ ಆ ಜೀನು ಸುಮ್ಮನಾಗುತ್ತದೆ. ಆ ಆರ್‌ಎನ್‌ಎಯನ್ನು ಕಡಿದರೆ ತಂದೆಯ ಪ್ರತಿ ಎದ್ದು ದುಡಿಯುತ್ತದೆ ಎಂದು 2015ರಲ್ಲಿ ಇಲಿಗಳಲ್ಲಿ ತೋರಿಸಿದರು. ಮನುಷ್ಯರಲ್ಲೂ ಪ್ರಯೋಗಗಳು ನಡೆದಿವೆ. ಆದರೆ ಈ ಮಕ್ಕಳಲ್ಲಿ ಬಹುಪಾಲು ಜನ ಮಾತಾಡುವುದಿಲ್ಲ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಮಗುವನ್ನು ಎತ್ತಿಕೊಂಡು ಹೋಗಿ ಬಂದ ತಾಯಿ ಸಂಜೆ ಕೈಪಿಡಿ ತೆರೆದು ‘ಜೀನಿನ ಬಾಯಿ ಕಟ್ಟಿದೆ’ ಎಂದು ಓದಿದರೆ ಮಗುವಿನ ಬಾಯಿಯೇ ನೆನಪಾಗುತ್ತದೆ. ಬಾಯಿ ಬಿಚ್ಚಿಸುವ ಔಷಧಿ ಬಂದಿದೆ ಎಂದು ಆಸೆಯೂ ಪಡಬಹುದು. ಈ ವಿಷಯದಲ್ಲಿ ಬಾಯಿ, ಮಾತು, ಮೌನ ಮೂರನ್ನೂ ದೂರ ಇಟ್ಟಿದ್ದೇನೆ. ‘ದುಡಿಯುವ ಪ್ರತಿ’, ‘ಸುಮ್ಮನಿರುವ ಪ್ರತಿ’. ‘ಸುಮ್ನೆ ಕೂತಿದಾನೆ’ ಅಂದರೆ ನಮ್ಮಲ್ಲಿ ಕೆಲಸವಿಲ್ಲದೆ ಕೂತಿದ್ದಾನೆ ಎಂದೇ ಮೊದಲ ಅರ್ಥ. ಸಾಕು ಅನ್ನಿಸುತ್ತದೆ. ಎಕ್ಸ್‌ಪ್ರೆಷನ್‌ಗೆ (ಜೀನು ದುಡಿಯುವುದಕ್ಕೆ) ಪಠ್ಯದಲ್ಲಿರುವ ‘ಅಭಿವ್ಯಕ್ತಿ’ ಕವಿಗೋಷ್ಠಿಗೆ ಇರಲಿ.

‘ರೆಗ್ಯುಲೇಷನ್’ಗೆ, ಅಂದರೆ ಜೀನು ಎಲ್ಲಿ ಯಾವಾಗ ದುಡಿಯಬೇಕು ಎಂದು ನೋಡಿಕೊಳ್ಳುವುದಕ್ಕೆ, ‘ನಿಯಂತ್ರಣ’ ಎಲ್ಲ ಕಡೆ ಇದೆ. ನನಗೆ ಅದು ಪೊಲೀಸರ, ಮಾಲಿನ್ಯ ನಿಯಂತ್ರಣ ಮಂಡಳಿಯ ಪದ. ಮಂಡ್ಯದವರಿಗೆ ಇದಕ್ಕೆ ಹತ್ತಿರದ ಪದಗಳು ನೀರಿನಲ್ಲಿವೆ. ತೂಬು, ಮಡೆ, ಕಟ್ಟು, ತಿರುಗಿಸು. ಐಜಿಎಫ್2 ಮತ್ತು ಎಚ್19 ಎಂಬ ಎರಡು ಜೀನುಗಳನ್ನು ಹೀಗೆ ಹೇಳಿ ನೋಡಿದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಒಂದು ಕಾಲುವೆ. ಮೇಲ್ಗಡೆ ಎಚ್19 ಗದ್ದೆ, ಕೊನೆಯಲ್ಲಿ ಐಜಿಎಫ್2 ಗದ್ದೆ. ಇಬ್ಬರಿಗೂ ನೀರು ಒಂದೇ ತೂಬಿನಿಂದ. ನಡುವೆ ಕಾಲುವೆಗೆ ಅಡ್ಡ ಹಾಕಲು ಒಂದು ಜಾಗ. ತಾಯಿಯಿಂದ ಬಂದ ಪ್ರತಿಯಲ್ಲಿ ಆ ಜಾಗ ಖಾಲಿ ಇರುತ್ತದೆ, ಸಿಟಿಸಿಎಫ್ ಎಂಬ ಪ್ರೋಟೀನು ಬಂದು ಅಡ್ಡ ಕೂರುತ್ತದೆ. ನೀರು ಎಚ್19 ಗದ್ದೆಗೇ ತಿರುಗುತ್ತದೆ, ಕೊನೆಯ ಗದ್ದೆ ಒಣಗುತ್ತದೆ. ತಂದೆಯಿಂದ ಬಂದ ಪ್ರತಿಯಲ್ಲಿ ಅದೇ ಜಾಗಕ್ಕೆ ಮೀಥೈಲ್ ಮೆತ್ತಿರುತ್ತದೆ, ಸಿಟಿಸಿಎಫ್‌ಗೆ ಕೂರಲು ಆಗುವುದಿಲ್ಲ. ಮೀಥೈಲ್ ಎಚ್19ರ ಮಡೆಗೂ ಹರಡಿ ಅದನ್ನು ಮುಚ್ಚುತ್ತದೆ. ನೀರು ಕೊನೆಯ ಗದ್ದೆಗೆ ಹರಿಯುತ್ತದೆ. ಮದ್ದೂರಿನ ಕಡೆ ಕಾಲುವೆಯ ಕೊನೆ ಭಾಗದಲ್ಲಿ ಜಮೀನಿರುವ ಒಬ್ಬರಿಗೆ ಇದನ್ನು ಓದಿ ಹೇಳಿದೆ. ‘ಅಡ್ಡ ಹಾಕಿದ್ದು ಯಾರು ಅಂತ ಗೊತ್ತಾದ್ರೆ ಅರ್ಧ ಜಗಳ ಮುಗೀತು ಬಿಡಿ’ ಅಂದರು. ಪಾಠ ತಲುಪಿತು ಎಂದುಕೊಂಡೆ. ಹಾಗಾಗಿ ರೆಗ್ಯುಲೇಷನ್‌ಗೆ ‘ಹತೋಟಿ’, ವಿವರಣೆಯಲ್ಲಿ ‘ತಿರುಗಿಸು’. ಒಪ್ಪುತ್ತೀರಾ?

ಐಜಿಎಫ್2 ಬಗ್ಗೆ ಇನ್ನೊಂದು ಮಾತು, ಏಕೆಂದರೆ ಪದದ ಆಯ್ಕೆಗೆ ಸಂಬಂಧ ಇದೆ. ಮಿದುಳಿನೊಳಗೆ ಮಿದುಳುನೀರು ಸುರಿಸುವ ಕೊರಾಯ್ಡ್ ಪ್ಲೆಕ್ಸಸ್ ಎಂಬ ಭಾಗದಲ್ಲಿ ಈ ಜೀನಿನ ಎರಡೂ ಪ್ರತಿ ದುಡಿಯುತ್ತವೆ. ಜಿಆರ್‌ಬಿ10 ಎಂಬ ಜೀನು ಇನ್ನೂ ವಿಚಿತ್ರ. ಇಲಿಯ ಮೈಯ ಬೇರೆ ಕಡೆ ತಾಯಿಯಿಂದ ಬಂದ ಪ್ರತಿ ದುಡಿದರೆ ಮಿದುಳಿನಲ್ಲಿ ತಂದೆಯಿಂದ ಬಂದದ್ದು. ಆ ತಂದೆಯ ಪ್ರತಿ ಇಲ್ಲದ ಇಲಿಗಳು ಜೊತೆಯವುಗಳ ಮೇಲೆ ದಬ್ಬಾಳಿಕೆ ಮಾಡಿದವು, ಅವುಗಳ ಮೀಸೆ ಕತ್ತರಿಸಿದವು ಎಂದು 2011ರಲ್ಲಿ ಪ್ರಕಟವಾಯಿತು. ಅಂಕಿತ ಎಲ್ಲ ಕಡೆ ಇದ್ದರೂ ಅದನ್ನು ಓದುವ ರೀತಿ ಜಾಗದಿಂದ ಜಾಗಕ್ಕೆ ಬೇರೆ. ಅಚ್ಚು ಎಂದಿದ್ದರೆ ಇದನ್ನು ಹೇಳಲು ಕಷ್ಟ. ಅಂಕಿತವನ್ನು ‘ಓದಬಹುದು’, ‘ಓದದೆ ಬಿಡಬಹುದು’.

‘ಕೈಮೀರ’, ಅಂದರೆ ಎರಡು ಮೂಲದ ಕೋಶಗಳು ಸೇರಿ ಆದ ಪ್ರಾಣಿ, ಆ ಪದಕ್ಕೂ ಏನಾದರೂ ಬೇಕು. 1996ರಲ್ಲಿ ಬ್ಯಾರಿ ಕೆವರ್ನ್ ಮತ್ತು ಸುರಾನಿ ಅವರ ತಂಡ ಸಾಮಾನ್ಯ ಇಲಿಯ ಭ್ರೂಣಕ್ಕೆ ತಾಯಿಯ ಜೀನುಗಳು ಮಾತ್ರ ಇರುವ ಕೋಶಗಳನ್ನು ಸೇರಿಸಿತು. ಅವು ಮಿದುಳಿನ ಹೊರಪದರದಲ್ಲಿ ಗುಂಪಾಗಿ ಉಳಿದವು. ತಂದೆಯ ಜೀನುಗಳು ಮಾತ್ರ ಇರುವ ಕೋಶಗಳು ಹೊರಪದರದಲ್ಲಿ ಉಳಿಯದೆ ಹೈಪೋಥಲಮಸ್ ಸುತ್ತ ಸೇರಿಕೊಂಡವು. ಹಸಿವು, ನಿದ್ದೆ, ಕಾಮ ನೋಡಿಕೊಳ್ಳುವ ಜಾಗ ಅದು. ಅಮ್ಮ ಬುದ್ಧಿ ಕೊಟ್ಟಳು, ಅಪ್ಪ ಹಸಿವು ಕೊಟ್ಟ ಎಂದು ಪತ್ರಿಕೆಗಳಲ್ಲಿ ತಲೆಬರಹ ಹಾಕಲು ಚೆನ್ನಾಗಿದೆ, ಆದರೆ ಅಷ್ಟು ಸಲೀಸಲ್ಲ. ಇಂಥ ಇಲಿಗೆ ‘ಬೆರಕೆ ಇಲಿ’ ಅಂದರೆ ಮಿಶ್ರ ತಳಿ ಎಂದಾಗಿಬಿಡುತ್ತದೆ. ‘ಜೋಡುಕೋಶದ ಇಲಿ’ ಅನ್ನಬಹುದೇ?

ಕೊನೆಗೆ ರೈತರ ಕಡೆಯಿಂದ ಪದ ಸಿಗಬಹುದೇ ಎಂಬ ಆಸೆ. ಹಿಪ್ಪುನೇರಳೆಯ ತುದಿ ಮುದುರಿಸಿ ತುಕ್ರಾ ರೋಗ ಬರಿಸುವ ಹಿಟ್ಟು ತಿಗಣೆ ಗೊತ್ತಲ್ಲ, ಮಂಡ್ಯದ ರೇಷ್ಮೆ ಬೆಳೆಗಾರರ ಶತ್ರು. ಹಿಟ್ಟು ತಿಗಣೆಗಳ ಗಂಡಿನಲ್ಲಿ ತಂದೆಯಿಂದ ಬಂದ ಇಡೀ ವರ್ಣತಂತು ಗುಂಪು ಮುದ್ದೆಯಾಗಿ ಸುಮ್ಮನಾಗುತ್ತದೆ, ಮುಂದಿನ ತಲೆಮಾರಿಗೆ ಹೋಗುವುದೂ ಇಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಎಚ್. ಶರತ್ ಚಂದ್ರ ಅವರು ಹಿಟ್ಟು ತಿಗಣೆಯನ್ನು ಅಭ್ಯಾಸ ಮಾಡಿದವರು. 1975ರಲ್ಲೇ ಅವರು ಬ್ರೌನ್ ಎಂಬ ಇನ್ನೊಬ್ಬ ವಿಜ್ಞಾನಿಯ ಜೊತೆ ಸೇರಿ ಸಸ್ತನಿಗಳ ಎಕ್ಸ್ ವರ್ಣತಂತುವಿನ ಇಂಪ್ರಿಂಟಿಂಗ್ ಬಗ್ಗೆ ನೇಚರ್ ಪತ್ರಿಕೆಯಲ್ಲಿ ಬರೆದರು. ಕುರಿಗಳಲ್ಲೂ ಇದೆ. ಅಮೆರಿಕದ ಓಕ್ಲಹೋಮಾದಲ್ಲಿ 1983ರಲ್ಲಿ ಹುಟ್ಟಿದ ಒಂದು ಟಗರಿನಿಂದ ಹಿಂದೊಡೆ ದಪ್ಪವಾಗುವ ಗುಣ ಹರಡಿತು. ಆ ಗುಣ ಟಗರಿನಿಂದ ಬಂದು, ತಾಯಿಯಿಂದ ಮಾಮೂಲಿ ಪ್ರತಿ ಬಂದರೆ ಮಾತ್ರ ಕಾಣುತ್ತದೆ. ತಾಯಿಯಿಂದ ಬಂದರೆ ಇಲ್ಲ. ಬನ್ನೂರು ಕುರಿಯ ಗಿಡ್ಡ ಮೈಗೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ, ನಾನು ಕೇಳುತ್ತಿರುವುದು ಬರೀ ಮಾತು. ಬನ್ನೂರು, ಮಳವಳ್ಳಿ ಕಡೆಯ ಕುರಿಗಾಹಿಗಳಲ್ಲಿ ‘ಬೀಜದ ಟಗರಿನಿಂದ ಬಂದರೆ ಮಾತ್ರ ಬರುವ ಗುಣ’ ಅನ್ನುವುದಕ್ಕೆ ಒಂದೇ ಪದ ಇದೆಯೇ? ಇದ್ದರೆ ಅಂಕಿತಕ್ಕಿಂತ ಅದೇ ಮೇಲು.

ಕೈಪಿಡಿಯ ಕರಡಿನಲ್ಲಿ, ವರ್ಣತಂತುವಿನ ತುಂಡು ಕಳಚಿದ ಏಂಜಲ್‌ಮನ್ ಮಕ್ಕಳ ಮನೆಯವರಿಗಾಗಿ ಬರೆದ ಒಂದು ತುಣುಕು ಹೀಗಿದೆ:

‘ಸಾಮಾನ್ಯವಾಗಿ ಮಗುವಿಗೆ ಹೆಚ್ಚುಕಮ್ಮಿ ಪ್ರತಿ ಜೀನಿನ ಒಂದು ಪ್ರತಿ ತಾಯಿಯಿಂದ, ಇನ್ನೊಂದು ತಂದೆಯಿಂದ ಬರುತ್ತದೆ. ಕೆಲವೇ ಜೀನುಗಳ ಮೇಲೆ ಯಾರಿಂದ ಬಂತು ಎಂಬ ಗುರುತು ಇರುತ್ತದೆ. ಇದನ್ನು ಹೆತ್ತವರ ಅಂಕಿತ ಎನ್ನುತ್ತೇವೆ. ಮಿದುಳಿನ ನರಕೋಶಗಳು ಈ ಅಂಕಿತ ನೋಡಿ ಯುಬಿಇ3ಎ ಜೀನಿನ ತಾಯಿಯಿಂದ ಬಂದ ಪ್ರತಿಯನ್ನು ಮಾತ್ರ ದುಡಿಸಿಕೊಳ್ಳುತ್ತವೆ. ನಿಮ್ಮ ಮಗುವಿನಲ್ಲಿ ಆ ಪ್ರತಿ ಕಾಣೆಯಾಗಿದೆ. ತಂದೆಯಿಂದ ಬಂದ ಪ್ರತಿ ಸರಿಯಾಗಿಯೇ ಇದೆ, ಆದರೆ ಸುಮ್ಮನಿದೆ. ಇದು ಯಾರ ತಪ್ಪಿನಿಂದಲೂ ಆದದ್ದಲ್ಲ.’

ಮೊದಲ ಸಾಲಿನಲ್ಲೇ ‘ಪ್ರತಿ’ ಎರಡು ಅರ್ಥದಲ್ಲಿ ಎರಡು ಸಲ ಬಂದು ತೊಡರುತ್ತದೆ. ‘ಒಂದೊಂದು ಜೀನಿನ’ ಎಂದು ತಿದ್ದಬೇಕೋ, ಅಥವಾ ಕಾಪಿಗೆ ‘ನಕಲು’ ಎಂದಿಡಬೇಕೋ? ನಕಲು ಅಂದರೆ ಪರೀಕ್ಷೆಯ ನಕಲು, ಅಸಲಿ ಅಲ್ಲದ್ದು ಎಂದು ನನಗೆ ಹಿಂಜರಿಕೆ. ಉಳಿದ ಸಾಲುಗಳಲ್ಲಿ ಎಲ್ಲೆಲ್ಲಿ ಎಡವಿದಿರಿ ಎಂದು ಬರೆದು ತಿಳಿಸಿ. ಮನೆಯಲ್ಲಿ ಹಿರಿಯರು ಯಾರಾದರೂ ಇದ್ದರೆ ಅವರಿಗೂ ಓದಿ ಹೇಳಿ, ‘ಅಂಕಿತ’ ಕೇಳಿದಾಗ ಅವರಿಗೆ ಮೊದಲು ಹೊಳೆದದ್ದು ವಚನವೋ ರಾಜ್ಯಪಾಲರೋ ಅನ್ನುವುದನ್ನೂ ಸೇರಿಸಿ. ಕರಡು ಅಚ್ಚಿಗೆ ಹೋಗಲು ಇನ್ನೂ ಸಮಯವಿದೆ.